ಐವತ್ತಾರು ಬೆರಳು, ಐವತ್ತೇಳು ಚೀಟಿ

ಶೈಲಮ್ಮನವರು ತಮ್ಮ ಎಪ್ಪತ್ನಾಲ್ಕು ವರ್ಷದ ಬದುಕಿನಲ್ಲಿ ಹತ್ತೊಂಬತ್ತು ಚುನಾವಣೆ ನಡೆಸಿದವರು. ನಿಂತವರಲ್ಲ, ನಡೆಸಿದವರು. ಮೈಸೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿದ ಅವರಿಗೆ ಪ್ರತಿ ಚುನಾವಣೆಗೂ ಡ್ಯೂಟಿ ಬೀಳುತ್ತಿತ್ತು. ಉಳಿದ ಮೇಷ್ಟರುಗಳು ಬೆನ್ನುನೋವು, ನಾದಿನಿಯ ಮದುವೆ, ಅತ್ತೆಯ ತಿಥಿ ಎಂದು ಅರ್ಜಿ ಬರೆದು ತಪ್ಪಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಈಕೆ ಹಬ್ಬಕ್ಕೆ ತವರಿಗೆ ಹೊರಟವರ ಹಾಗೆ ಹೊರಡುತ್ತಿದ್ದರು. ಹತ್ತೊಂಬತ್ತು ಸಲವೂ ಮತಗಟ್ಟೆಯ ಮುಖ್ಯ ಅಧಿಕಾರಿ; ಒಂದು ಸಲವೂ ಅವರ ಬೂತಿನಲ್ಲಿ ಮರುಮತದಾನ ಆಗಲಿಲ್ಲ. ಈ ಮಾತನ್ನು ಅವರು ಪರಿಚಯವಾದ ಐದನೆಯ ನಿಮಿಷಕ್ಕೆ ಹೇಳುತ್ತಾರೆ. ನನಗೆ ಎರಡನೆಯ ನಿಮಿಷಕ್ಕೇ ಹೇಳಿದ್ದರು.

ಹೆಗ್ಗಡದೇವನಕೋಟೆಯ ಕಡೆಯ ಒಂದು ಬೂತಿಗೆ ಒಮ್ಮೆ ನಾಲ್ಕು ಜನ ಗಟ್ಟಿಮುಟ್ಟಾದವರು ಕಂತೆಗಟ್ಟಲೆ ಮತಪತ್ರ ತುರುಕಲು ಬಂದರಂತೆ. ಪೊಲೀಸಿನವನು ಬೀಡಿ ಸೇದಲು ಹೋಗಿದ್ದ. ಶೈಲಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. "ಅಮ್ಮಾ, ನಿಮಗ್ಯಾಕೆ ತೊಂದರೆ, ಸುಮ್ನೆ ಎದ್ದೇಳಿ" ಎಂದನಂತೆ ಅವರ ಮುಖಂಡ. "ನನ್ನನ್ನ ಎತ್ತೋದಾದ್ರೆ ಎತ್ತು" ಎಂದರಂತೆ ಈಕೆ. ಶೈಲಮ್ಮನವರ ಗಾತ್ರ ನೋಡಿದವರು ಆ ಮುಖಂಡನ ಕಷ್ಟವನ್ನು ಊಹಿಸಬಲ್ಲರು. ಅವರು ಸಂಜೆ ಐದರವರೆಗೆ ಕುಳಿತೇ ಇದ್ದರು, ಮತದಾರರು ಅವರ ಮೊಣಕಾಲ ಪಕ್ಕದಿಂದ ಕೈ ತೂರಿಸಿ ಓಟು ಹಾಕಿದರು.

ಇಂಥವರು ಈಗ ನ್ಯೂ ಜೆರ್ಸಿಯ ಮನ್ರೋದಲ್ಲಿ ಮಗಳು ಹಂಸಿನಿಯ ಮನೆಯಲ್ಲಿದ್ದಾರೆ. ಹಂಸಿನಿ ಬಾಸ್ಕಿಂಗ್ ರಿಡ್ಜ್‌ನ ಒಂದು ಔಷಧದ ಕಂಪನಿಯಲ್ಲಿ ಕೆಮಿಸ್ಟ್. ಒಳ್ಳೆಯ ಮಗಳು, ಆದರೆ ತಾಯಿ ಏನು ಮಾಡಲು ಹೋದರೂ "ಅಮ್ಮಾ, ಯು ರಿಲ್ಯಾಕ್ಸ್" ಎನ್ನುತ್ತಾಳೆ. ಏಳು ವರ್ಷ ರಿಲ್ಯಾಕ್ಸ್ ಮಾಡಿ ಮಾಡಿ ಶೈಲಮ್ಮನವರಿಗೆ ಸಾಕಾಗಿತ್ತು. ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಅಧಿಕಾರಿ ತುಂಬಿ ಕೊಡಬೇಕಾದ ಡೈರಿಗಳ ನಕಲನ್ನೆಲ್ಲ ಸೂಟ್‌ಕೇಸಿನಲ್ಲಿ ತಂದಿದ್ದರು. ಮಧ್ಯಾಹ್ನ ತೆಗೆದು ಓದುತ್ತಿದ್ದರು. ಅವರಿಗೆ ಈ ದೇಶದಲ್ಲಿ ತಮ್ಮದೆಂದು ಉಳಿದಿದ್ದ ಆಸ್ತಿ ಅದೊಂದೇ, ಕಪ್ಪುಚುಕ್ಕೆಯಿಲ್ಲದ ಹತ್ತೊಂಬತ್ತು ಡೈರಿ.

ಇನ್ನು ನಮ್ಮ ಗಣರಾಜ್ಯದ ವಿಷಯ. ನಮ್ಮ ಊರಿನ ಕನ್ನಡಿಗರು ದೊಡ್ಡ ಸಂಘದಿಂದ ಜಗಳವಾಡಿ ಹೊರಬಂದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಜಗಳ ಯಾವುದಕ್ಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊರಬಂದ ಮೇಲೆ ರಾಜ್ಯಶಾಸ್ತ್ರದ ಪ್ರೊಫೆಸರ್ ವಸಿಷ್ಠ ಅವರು, "ಸಂಘ ಅನ್ನೋ ಪದ ಅವರೇ ಇಟ್ಕೊಳ್ಳಲಿ, ನಮ್ಮದು ಗಣರಾಜ್ಯ" ಎಂದು ಘೋಷಿಸಿ ಅರವತ್ತನಾಲ್ಕು ಪುಟದ ಸಂವಿಧಾನ ಬರೆದರು. ಅವರನ್ನು ಬಿಟ್ಟು ಐವತ್ತೇಳು ಜನ ಪ್ರಜೆಗಳು, ಹನ್ನೊಂದು ತಿದ್ದುಪಡಿಗಳು, ಒಂದು ಬಾವುಟ. ವಸಿಷ್ಠರೇ ಮೊದಲ ಅಧ್ಯಕ್ಷರು. ಆಮೇಲೆ ಅವರು ಮೊಮ್ಮಗಳನ್ನು ನೋಡಿಕೊಳ್ಳಲು ಟೆಕ್ಸಾಸಿಗೆ ಹೊರಟುಹೋದರು, ಗಣರಾಜ್ಯಕ್ಕೆ ಮೊದಲ ಚುನಾವಣೆ ಬಂತು.

ಅಧ್ಯಕ್ಷರಿಗೆ ಸಂವಿಧಾನ ಕೊಟ್ಟಿರುವ ಅಧಿಕಾರ ಒಂದೇ: ನವೆಂಬರ್ ಒಂದರಂದು ಬಾವುಟ ಹಾರಿಸಿ ನಾಲ್ಕು ನಿಮಿಷ ಮೀರದಂತೆ ಮಾತನಾಡುವುದು. ಇದಕ್ಕೆ ಇಬ್ಬರು ನಿಂತರು. ಒಬ್ಬರು ಸೂರ್ಯನಾರಾಯಣ, ನಿವೃತ್ತ ಎಂಜಿನಿಯರು, ಗಡಿಯಾರ ನೋಡಿಕೊಂಡು ನಗುವ ಮನುಷ್ಯ. ಇನ್ನೊಬ್ಬರು ಶೌಕತ್ ಅಲಿ, ಐಸೆಲಿನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಇಬ್ಬರೂ ಮೈಸೂರಿನ ಮಂಡಿ ಮೊಹಲ್ಲಾದವರು, ಒಂದೇ ಬೆಂಚಿನಲ್ಲಿ ಓದಿದವರು. ಸೂರ್ಯನಾರಾಯಣರ ಪ್ರಣಾಳಿಕೆ: "ಪೂರ್ತಿ ನಾಲ್ಕು ನಿಮಿಷ ಮಾತಾಡುತ್ತೇನೆ." ಶೌಕತ್ ಅಲಿಯವರದು: "ಎರಡೇ ನಿಮಿಷ." ಕನ್ನಡಕ್ಕೆ ಎರಡೇ ನಿಮಿಷವೇ ಎಂದು ಒಂದು ಬಣ ಕುದಿಯಿತು. ಚಳಿಯಲ್ಲಿ ನಿಲ್ಲುವವರು ನೀವಾ ಎಂದು ಇನ್ನೊಂದು ಬಣ ಕೇಳಿತು. ಇಪ್ಪತ್ತು ವರ್ಷ ಒಂದೇ ಕಾರಿನಲ್ಲಿ ಕಮ್ಯೂಟ್ ಮಾಡಿದವರು ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿದರು. ಬೀದಿಯ ಹುಲ್ಲುಹಾಸುಗಳ ಮೇಲೆ ಇನ್ನೊಂದು ಚುನಾವಣೆಯ ಬೋರ್ಡುಗಳೂ ಇದ್ದವು, ಅಮೆರಿಕದ್ದು. ಅದರ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಚುನಾವಣಾಧಿಕಾರಿ ಯಾರಾಗಬೇಕು ಎಂಬುದರಲ್ಲಿ ಮಾತ್ರ ಎರಡೂ ಬಣಗಳು ಒಪ್ಪಿದವು. ಸುದ್ದಿ ತಿಳಿಸಲು ಹೋದಾಗ ಶೈಲಮ್ಮ ಟಿವಿ ಆರಿಸಿ, ಕನ್ನಡಕ ಒರೆಸಿಕೊಂಡು, "ನಾನು ಓಟು ಹಾಕಲ್ಲ. ಅಂಪೈರು ಬ್ಯಾಟು ಹಿಡೀಬಾರದು" ಎಂದರು. ಹಾಗಾಗಿ ಮತದಾರರು ಐವತ್ತಾರು. ನಾನು, ಅಂದರೆ ಧಾರವಾಡದ ಅನಿರುದ್ಧ್, ಸೂರ್ಯನಾರಾಯಣರ ಮೂವರು ಏಜೆಂಟರಲ್ಲಿ ಒಬ್ಬ. ಮೈಸೂರಿನವರ ಜಗಳದಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ಸೂರ್ಯನಾರಾಯಣರು ನನ್ನ ಪಕ್ಕದ ಮನೆಯವರು, ಚಳಿಗಾಲದಲ್ಲಿ ಹಿಮ ತೆಗೆಯಲು ಅವರ ಸ್ನೋ ಬ್ಲೋವರ್ ನನಗೆ ಬೇಕಾಗುತ್ತದೆ.

ಮೊದಲ ತೊಡಕು ಬಂದದ್ದು ಶಾಯಿಯಲ್ಲಿ. ಓಟು ಹಾಕಿದವರ ಎಡಗೈ ತೋರುಬೆರಳಿಗೆ ಅಳಿಸದ ಗುರುತು ಬೇಕೇ ಬೇಕು ಎಂದರು ಶೈಲಮ್ಮ. ಮೈಸೂರಿನ ಅಸಲಿ ಶಾಯಿ ಸರ್ಕಾರಕ್ಕಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಮಾರ್ಕರ್ ಪೆನ್ನನ್ನು ಎದುರು ಬಣ ಒಪ್ಪಲಿಲ್ಲ, ಸೋಪಿಗೆ ಹೋಗುತ್ತದೆ ಎಂದು. ನೇಲ್ ಪಾಲಿಶನ್ನು ನಾವು ಒಪ್ಪಲಿಲ್ಲ. ಕೊನೆಗೆ ಶೈಲಮ್ಮನವರಿಗೆ ಹಿಮ್ಮಡಿಯ ಒಡಕಿಗೆಂದು ಮೈಸೂರಿನಿಂದ ತಂದಿದ್ದ ಕರಿಗೇರಿನ ಬೀಜಗಳು ನೆನಪಾದವು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ರಸದಿಂದಲೇ. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. "ನಾನು ವರ್ಷಗಟ್ಟಲೆ ಕಾಲಿಗೆ ಹಚ್ಕೊಂಡಿದೀನಿ, ಏನೂ ಆಗಲ್ಲ" ಎಂದರು. ಅವರ ಹಿಮ್ಮಡಿಯೇ ಬೇರೆ, ನಮ್ಮ ಬೆರಳೇ ಬೇರೆ ಎಂಬುದು ಅಷ್ಟು ಓದಿದ ನಮಗೆ ಯಾರಿಗೂ ಹೊಳೆಯಲಿಲ್ಲ.

ಎರಡನೆಯ ತೊಡಕು ಪೆಟ್ಟಿಗೆ. ಶೌಕತ್ ಅಲಿಯವರ ಅಂಗಡಿಯ ರಟ್ಟಿನ ಡಬ್ಬಿ ಬೇಡವೆಂದು ನಾವು, ಸೂರ್ಯನಾರಾಯಣರ ಮನೆಯ ಅಕ್ಕಿ ಡಬ್ಬ ಬೇಡವೆಂದು ಅವರು. ಯಾರಿಗೂ ಸೇರದ ಹೊಸ ಡಸ್ಟ್‌ಬಿನ್ ಒಂದನ್ನು ಅಂಗಡಿಯಿಂದ ತಂದದ್ದಾಯಿತು, ಕಾಲಿನಿಂದ ಪೆಡಲ್ ಒತ್ತಿದರೆ ಮುಚ್ಚಳ ತೆರೆಯುವಂಥದು. ಎಷ್ಟಾದರೂ ಕಸದ ಬುಟ್ಟಿ, ಒಳಗೆ ಚೊಕ್ಕಟವಾಗಿರಲಿ ಎಂದು ಶೈಲಮ್ಮ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಹಾಕಿದರು.

ಅಕ್ಟೋಬರಿನ ಮೊದಲ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಮತದಾನ. ಶೈಲಮ್ಮ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೊದಲು ಅಣಕು ಮತದಾನ ಎಂದರು. ಪೆಟ್ಟಿಗೆಯಲ್ಲಿ ಮೋಸವಿಲ್ಲ ಎಂದು ತೋರಿಸಲು, ನಿಜವಾದ ಮತದಾನಕ್ಕೆ ಮುಂಚೆ ಏಜೆಂಟರಿಂದ ಸುಳ್ಳು ಓಟು ಹಾಕಿಸಿ, ಎಣಿಸಿ, ಆ ಚೀಟಿಗಳನ್ನು ಕಪ್ಪು ಕವರಿನಲ್ಲಿ ಹಾಕಿ ಅರಗಿನ ಮುದ್ರೆ ಒತ್ತುವುದು ಇಂಡಿಯಾದ ಕ್ರಮ. ಐವತ್ತಾರು ಜನರ ಚುನಾವಣೆಗೆ ಅದೂ ನಡೆಯಿತು. ನಮ್ಮ ಬಣದ ಮೂವರು ಏಜೆಂಟರು ಸೂರ್ಯನಾರಾಯಣರಿಗೆ, ಅವರ ಮೂವರು ಶೌಕತ್ ಅಲಿಯವರಿಗೆ ಚೀಟಿ ಹಾಕಿದೆವು. ಶೈಲಮ್ಮ ಚೀಲ ಎತ್ತಿ ಚೀಟಿಗಳನ್ನು ಮೇಜಿನ ಮೇಲೆ ಸುರಿಯುವ ಹೊತ್ತಿಗೆ ಸೂರ್ಯನಾರಾಯಣರ ಹೆಂಡತಿ ಅಲಮೇಲು ಫ್ಲಾಸ್ಕಿನಲ್ಲಿ ಕಾಫಿ ತಂದರು. ಮತಗಟ್ಟೆಯಲ್ಲಿ ಅಭ್ಯರ್ಥಿಯ ಮನೆಯ ಕಾಫಿ ಆಮಿಷ ಎಂದು ಎದುರು ಬಣ ಎದ್ದಿತು. ಕಾಫಿ ಸಂವಿಧಾನಬದ್ಧವೇ ಎಂಬುದರ ಮೇಲೆ ಇಪ್ಪತ್ತು ನಿಮಿಷ ಕೂಗಾಟ. ಆ ಗಲಾಟೆಯ ನಡುವೆಯೇ ಶೈಲಮ್ಮ ಕವರಿಗೆ ಅರಗು ಹಚ್ಚಿ, ಚೀಲವನ್ನು ಮತ್ತೆ ಬುಟ್ಟಿಗಿಟ್ಟು, "ಶುರು" ಎಂದರು. ಕಾಫಿ ಆರಿ ಹೋಯಿತು.

ಐವತ್ತಾರಕ್ಕೆ ಐವತ್ತಾರು ಜನವೂ ಬಂದರು. ಪ್ರತಿಯೊಬ್ಬರೂ ಸಹಿ ಹಾಕಿ, ಊದುಬತ್ತಿಯ ಕಡ್ಡಿಯಿಂದ ಬೆರಳಿಗೆ ಕರಿಗೇರು ಬರೆಸಿಕೊಂಡು, ಶೈಲಮ್ಮನವರ ಕೈಯಿಂದ ಒಂದೇ ಒಂದು ಚೀಟಿ ಪಡೆದು, ಪೆಡಲ್ ಒತ್ತಿ ಹಾಕಿದರು. ಎಣಿಕೆಗೆ ಕುಳಿತಾಗ, ಒಂದು ಚೀಟಿಯೂ ಉಳಿಯಬಾರದೆಂದು ನಾನೇ ಬುಟ್ಟಿಯನ್ನು ಚೀಲ ಸಮೇತ ತಲೆಕೆಳಗು ಮಾಡಿ ಕೊಡವಿದೆ. ಸೂರ್ಯನಾರಾಯಣರಿಗೆ ಇಪ್ಪತ್ತೊಂಬತ್ತು, ಶೌಕತ್ ಅಲಿಯವರಿಗೆ ಇಪ್ಪತ್ತೆಂಟು. ನಾವು ಚಪ್ಪಾಳೆ ತಟ್ಟಿ ಮುಗಿಸುವಷ್ಟರಲ್ಲಿ ಯಾರೋ ಕೂಡಿಸಿ ನೋಡಿದರು. ಐವತ್ತೇಳು.

ಆ ವಾರ ನಮ್ಮ ಊರಿನಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ವಿಸಿಟರ್ ವೀಸಾದಲ್ಲಿ ಬಂದಿರುವ ಸೂರ್ಯನಾರಾಯಣರ ಅತ್ತೆ ಕಳ್ಳ ಓಟು ಹಾಕಿದರು ಎಂದರು ಎದುರು ಬಣದವರು. ಶೌಕತ್ ಅಲಿಯವರ ಸೊಸೆ ಅಸ್ಫಿಯಾ ಎರಡು ಸಲ ಸಾಲಿನಲ್ಲಿ ನಿಂತಿದ್ದಳು ಎಂದೆವು ನಾವು. ಆಕೆ ನಿಂತಿದ್ದದ್ದು ಬಾತ್‌ರೂಮಿನ ಸಾಲಿನಲ್ಲಿ. ಮರುಮತದಾನ ಆಗಲಿ ಎಂಬ ಕೂಗು ಎದ್ದಿತು. ಶೈಲಮ್ಮನವರಿಗೆ ಊಟ ಸೇರದಾಯಿತು. "ನನ್ನ ಬೂತಿನಲ್ಲಿ ಮರುಮತದಾನ ಆಗಲ್ಲ. ಕಳ್ಳರು ಯಾರು ಅಂತ ನಾನು ಹಿಡಿದುಕೊಡ್ತೀನಿ" ಎಂದರು.

ಮೂರನೆಯ ದಿನ ಬೆರಳುಗಳು ಉಬ್ಬಿದವು.

ಮೊದಲು ತುರಿಕೆ, ಆಮೇಲೆ ಬೊಬ್ಬೆ. ಜನ ಒಬ್ಬೊಬ್ಬರಾಗಿ ಅರ್ಜೆಂಟ್ ಕೇರ್‌ಗೆ ಹೋದರು. ಅಲ್ಲಿಯ ಡಾಕ್ಟರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು, ತೋಟದಲ್ಲಿ ಮೈ ತಾಗಿದರೆ ಬೊಬ್ಬೆ ಏಳಿಸುವ ಪಾಯ್ಸನ್ ಐವಿ ಬಳ್ಳಿ ಮುಟ್ಟಿದಿರಾ ಎಂದು. ಇಷ್ಟು ಜನ, ಎಲ್ಲರಿಗೂ ಎಡಗೈಯ ಅದೇ ಬೆರಳು, ಎಲ್ಲರೂ ಭಾನುವಾರ ಕ್ಲಬ್‌ಹೌಸಿನಲ್ಲಿದ್ದವರು. ಸುದ್ದಿ ಕ್ಲಬ್‌ಹೌಸಿನ ಮ್ಯಾನೇಜರ್ ಮಾರ್ಗರೆಟ್‌ಗೆ ಮುಟ್ಟಿ, ಆಕೆ ಗಾಬರಿಯಿಂದ ಕೈಗವಸು ಹಾಕಿದ ಕೆಲಸಗಾರರನ್ನು ಕರೆಸಿ ಸುತ್ತಲಿನ ಬಳ್ಳಿಯನ್ನೆಲ್ಲ ಬುಡಸಮೇತ ಕೀಳಿಸಿದಳು. ಪಾಪ, ಆ ಬಳ್ಳಿಗಳು ಏನು ಮಾಡಿದ್ದವು. ಹಂಸಿನಿ ಮಾತ್ರ ಒಂದು ಬೀಜವನ್ನು ಡಬ್ಬಿಯಲ್ಲಿ ಮುಚ್ಚಿ ತನ್ನ ಲ್ಯಾಬಿಗೆ ತೆಗೆದುಕೊಂಡು ಹೋಗಿ, ಸಂಜೆ ಬಂದು, "ಅಮ್ಮಾ, ನಿನ್ನ ಕರಿಗೇರು ಪಾಯ್ಸನ್ ಐವಿಗೆ ಕಸಿನ್ ಕಣಮ್ಮಾ. ಸೇಮ್ ಫ್ಯಾಮಿಲಿ. ಯು ಪಾಯ್ಸನ್ಡ್ ದಿ ಎಂಟೈರ್ ಇಲೆಕ್ಟರೇಟ್" ಎಂದಳು.

ಬೇರೆಯವರಾಗಿದ್ದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಶೈಲಮ್ಮ ನನಗೆ ಫೋನ್ ಮಾಡಿದರು. "ಅನಿರುದ್ಧ್, ಕಾರು ತನ್ನಿ. ಎರಡು ಸಲ ಓಟು ಹಾಕಿದವರಿಗೆ ಎರಡು ಬೆರಳು ಉಬ್ಬಿರುತ್ತೆ. ಪಟ್ಟಿಯಲ್ಲಿಲ್ಲದೆ ಹಾಕಿದವರಿಗೂ ಒಂದು ಉಬ್ಬಿರುತ್ತೆ. ಈಗ ಕಳ್ಳರು ಎಲ್ಲಿಗೆ ಹೋಗ್ತಾರೆ ನೋಡೋಣ."

ಎರಡು ದಿನ ನಾನು ಅವರನ್ನು ಮನೆ ಮನೆಗೆ ಡ್ರೈವ್ ಮಾಡಿಕೊಂಡು ಹೋದೆ. ಬೈಗುಳ ಬೀಳುತ್ತದೆ ಎಂದು ಹೆದರಿದ್ದೆ. ಎಪ್ಪತ್ನಾಲ್ಕರ ಹೆಂಗಸು ಮುಲಾಮಿನ ಟ್ಯೂಬು ಹಿಡಿದು ಬಾಗಿಲಲ್ಲಿ ನಿಂತು, "ನನ್ನಿಂದ ತಪ್ಪಾಯ್ತು, ಎರಡೂ ಕೈ ತೋರಿಸಿ" ಎಂದರೆ ಯಾರು ಬೈಯುತ್ತಾರೆ? ಎಲ್ಲರೂ ಹತ್ತೂ ಬೆರಳು ಮುಂದೆ ಚಾಚಿದರು. ಕೆಲವರದು ಉಬ್ಬಿರಲಿಲ್ಲ, ಆದರೆ ಕಪ್ಪು ಗುರುತು ಎಲ್ಲರದ್ದೂ ಇತ್ತು. ಸೂರ್ಯನಾರಾಯಣರ ಅತ್ತೆಯ ಹತ್ತು ಬೆರಳೂ ಅರಿಶಿನದ ಬಣ್ಣದಲ್ಲಿ ಶುದ್ಧವಾಗಿದ್ದವು. ಅಸ್ಫಿಯಾಗೆ ಒಂದೇ ಗುರುತು. ಕೊನೆಯ ಬೆರಳು ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ, ಅಂಗಡಿಯ ಗಲ್ಲಾದ ಹಿಂದೆ ಕುಳಿತಿದ್ದ ಶೌಕತ್ ಅಲಿಯವರದು.

"ನೋಡ್ಕೊಳ್ಳಿ ಮೇಡಂ" ಎಂದರು ಅವರು. "ಕ್ಯಾಲ್ಕುಲೇಟರ್ ಒತ್ತಕ್ಕೂ ಆಗ್ತಿಲ್ಲ. ಸೂರಿದು ಹೆಂಗಿದೆ?"

"ನಿಮಗಿಂತ ಜಾಸ್ತಿ ಉಬ್ಬಿದೆ."

ಶೌಕತ್ ಅಲಿ ಕ್ಯಾಲ್ಕುಲೇಟರನ್ನು ಪಕ್ಕಕ್ಕೆ ಸರಿಸಿ, "ಅವನಿಗೆ ಚಿಕ್ಕೋನಾಗಿದ್ದಾಗ್ಲಿಂದ ಚರ್ಮ ಸೂಕ್ಷ್ಮ. ಐಸ್ ಇಟ್ಕೋ ಅಂತ ಹೇಳಿ. ನಾನ್ ಹೇಳ್ದೆ ಅನ್ಬೇಡಿ" ಎಂದರು.

ಹೊರಗೆ ಪಾರ್ಕಿಂಗಿನಲ್ಲಿ ಕಾರು ಹತ್ತಿ ಶೈಲಮ್ಮ ಪಟ್ಟಿಯಲ್ಲಿ ಕೊನೆಯ ಗೀಟು ಎಳೆದರು. ಐವತ್ತಾರು ಜನ, ಐವತ್ತಾರು ಬೆರಳು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಒಬ್ಬರೂ ಮೋಸ ಮಾಡಿರಲಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಅವರು ಪಟ್ಟಿಯನ್ನು ಮತ್ತೆ ಮೇಲಿನಿಂದ ಎಣಿಸುತ್ತಿದ್ದರು.

"ಹಾಗಾದ್ರೆ ಆ ಚೀಟಿ ಬೆರಳಿಲ್ಲದವರದ್ದು" ಎಂದರು. ಕೈಚೀಲ ತೆಗೆದು, ಅರಗಿನ ಮುದ್ರೆಯಿದ್ದ ಕಪ್ಪು ಕವರನ್ನು ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಅರಗು ಮುರಿದು ಅಣಕು ಮತದಾನದ ಚೀಟಿಗಳನ್ನು ಒಂದೊಂದಾಗಿ ಎಣಿಸಿದರು. ಶೌಕತ್ ಅಲಿ ಮೂರು. ಸೂರ್ಯನಾರಾಯಣ ಎರಡು.

ಆರು ಇರಬೇಕಾದಲ್ಲಿ ಐದು. ಆರನೆಯದು ಚೀಲಕ್ಕೂ ಬುಟ್ಟಿಗೂ ನಡುವೆ ಜಾರಿ ಅಡಿಗೆ ಕುಳಿತಿತ್ತು. ಕಾಫಿ ಗಲಾಟೆಯಲ್ಲಿ ಅವರು ಎಣಿಸಿರಲಿಲ್ಲ. ಮೂವತ್ತಾರು ವರ್ಷ ಗಣಿತ ಕಲಿಸಿದವರು ಆರು ಎಣಿಸಿರಲಿಲ್ಲ. ನಾನು ಬುಟ್ಟಿ ಕೊಡವಿದಾಗ ಆ ಸುಳ್ಳು ಓಟು ನಿಜವಾದವುಗಳ ಜೊತೆ ಬಿದ್ದಿತ್ತು. ನಮ್ಮ ಗೆಲುವೇ ಸುಳ್ಳು, ಇಬ್ಬರಿಗೂ ಇಪ್ಪತ್ತೆಂಟು.

"ಊರಿನವರ ಬೆರಳೆಲ್ಲ ಸುಟ್ಟು, ಕೊನೆಗೆ ಕಳ್ಳಿ ನಾನೇ ಆದೆ" ಎಂದರು ಶೈಲಮ್ಮ.

ನಾನು ಆಗ ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಬಾಯಾರ, ಈ ಕವರ್ ನೋಡಿದವರು ನಾವಿಬ್ಬರೇ. ನಾಲ್ಕು ನಿಮಿಷದ ಭಾಷಣಕ್ಕ ನಿಮ್ಮ ಹತ್ತೊಂಬತ್ತು ಚುನಾವಣಿ ಹೆಸರು ಯಾಕ ಕೆಡಿಸ್ಕೋತೀರಿ? ಅಲ್ಲಿ ಕಸದ ಡಬ್ಬಿ ಅದ, ಹರದು ಹಾಕ್ರಿ. ಎಣಿಸೂವಾಗ ತಪ್ಪಾತು ಅಂದ್ರ ಮುಗೀತು."

ಅವರು ನನ್ನನ್ನು ನೋಡಿದರು. "ನಿಮ್ಮ ಪಾರ್ಟಿ ಗೆಲ್ಲಲಿ ಅಂತ ಹೇಳ್ತಿದೀರೋ, ನನ್ನ ಮೇಲಿನ ವಿಶ್ವಾಸಕ್ಕೆ ಹೇಳ್ತಿದೀರೋ?"

"ಎರಡಕ್ಕೂ ರೀ."

"ಕೋಟೆ ಬೂತಿನಲ್ಲಿ ಅವನೂ ಹೀಗೇ ಹೇಳಿದ್ದ. ಅಮ್ಮಾ, ನಿಮಗ್ಯಾಕೆ ತೊಂದರೆ ಅಂತ." ಅವರು ಐದು ಚೀಟಿಗಳನ್ನೂ ಮತ್ತೆ ಕವರಿಗೆ ಹಾಕಿದರು. "ನಡೀರಿ, ಮನೆಗೆ ಹೋಗೋಣ. ಸೀಟ್ ಬೆಲ್ಟ್ ಹಾಕ್ಕೊಳ್ಳಿ."

ಶನಿವಾರ ತುರ್ತು ಸಭೆ ಕರೆದು ಶೈಲಮ್ಮ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಯಾರೂ ಕಳ್ಳರಲ್ಲ, ತಪ್ಪು ತನ್ನದು, ನಾಳೆ ಮರುಮತದಾನ. ಮರುಮತದಾನಕ್ಕೆ ವಾರವಿಡೀ ಬೊಬ್ಬೆ ಹಾಕಿದವರೆಲ್ಲ ಈಗ ತಮ್ಮ ತಮ್ಮ ಬೆರಳು ನೋಡಿಕೊಂಡರು. "ಮೇಡಂ, ಬಿಟ್ಬಿಡಿ, ನಾನೇ ಸೋತೆ ಅನ್ಕೊಳ್ಳಿ" ಎಂದರು ಸೂರ್ಯನಾರಾಯಣ. "ಅವನು ಯಾಕೆ ಸೋಲ್ಬೇಕು, ನಾನು ಸೋಲ್ತೀನಿ" ಎಂದರು ಶೌಕತ್ ಅಲಿ. ಯಾರು ಸೋಲಬೇಕೆಂಬುದಕ್ಕೆ ಹೊಸ ಜಗಳ ಶುರುವಾಯಿತು.

"ಸೋಲೋದು ಗೆಲ್ಲೋದು ನೀವು ತೀರ್ಮಾನ ಮಾಡೋದಲ್ಲ" ಎಂದರು ಶೈಲಮ್ಮ. "ಚೀಟಿ ತೀರ್ಮಾನ ಮಾಡೋದು. ಹತ್ತು ಗಂಟೆಗೆ ಬನ್ನಿ."

ಬಂದರು. ಐವತ್ತಾರು ಜನವೂ ಬಂದರು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು. ಭಾಷಣದ ಮೇಲೆ ಆಗ ಯಾರಿಗೂ ಆಸೆ ಉಳಿದಿರಲಿಲ್ಲ. ಆಕೆಗಾಗಿ ಬಂದರು. ಬುಟ್ಟಿಯಲ್ಲಿ ಚೀಲವಿರಲಿಲ್ಲ. ಕಾಫಿಯನ್ನು ಈ ಸಲ ಅಲಮೇಲು ಮತ್ತು ಅಸ್ಫಿಯಾ ಒಟ್ಟಿಗೆ ತಂದಿದ್ದರು, ಹಾಗಾಗಿ ಅದು ಸಂವಿಧಾನಬದ್ಧವಾಯಿತು. ಕರಿಗೇರಿನ ಬದಲು ಅಸ್ಫಿಯಾಳ ಮೆಹಂದಿ. ಮರುಮತದಾನಕ್ಕೆ ಎಡಗೈಯ ನಡುಬೆರಳಿಗೆ ಗುರುತು ಹಾಕಬೇಕೆಂಬುದು ಇಂಡಿಯಾದ ನಿಯಮ, ಶೈಲಮ್ಮ ಅದನ್ನು ಒಂದಿಷ್ಟೂ ಬಿಡಲಿಲ್ಲ. ಓಟು ಹಾಕಿದವರು ಗುರುತಿನ ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುವುದೂ ನಮ್ಮ ಪದ್ಧತಿಯಲ್ಲವೇ. ಐವತ್ತಾರು ಜನ ಮೂರು ಸಾಲಾಗಿ ನಿಂತು, ನಡುಬೆರಳೊಂದನ್ನೇ ಎತ್ತಿ ಹಿಡಿದು ನಕ್ಕೆವು. ಕ್ಯಾಮೆರಾ ಹಿಡಿದಿದ್ದ ಮಾರ್ಗರೆಟ್ ಅದನ್ನು ಮೆಲ್ಲಗೆ ಕೆಳಗಿಳಿಸಿ, "ಬಳ್ಳಿಗಳನ್ನೆಲ್ಲ ಕೀಳಿಸಿದೆನಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಈ ದೇಶದಲ್ಲಿ ಆ ಬೆರಳಿಗೆ ಏನರ್ಥ ಎಂದು ಹಂಸಿನಿ ತಾಯಿಯ ಕಿವಿಯಲ್ಲಿ ಹೇಳುವಷ್ಟರಲ್ಲಿ ತಡವಾಗಿತ್ತು.

ಫಲಿತಾಂಶ: ಇಪ್ಪತ್ತೆಂಟು, ಇಪ್ಪತ್ತೆಂಟು. ವಸಿಷ್ಠರ ಅರವತ್ತನಾಲ್ಕು ಪುಟಗಳಲ್ಲಿ ಸಮಬಲದ ಪ್ರಸ್ತಾಪವೇ ಇಲ್ಲ. ನಿಮ್ಮದೊಂದು ಓಟು ಹಾಕಿಬಿಡಿ ಎಂದು ಎಲ್ಲರೂ ಶೈಲಮ್ಮನವರನ್ನು ಬೇಡಿಕೊಂಡರು. ಅಂಪೈರು ಬ್ಯಾಟು ಹಿಡಿಯಲಿಲ್ಲ. ಆಗ ಅಲಮೇಲು, "ನಾಲ್ಕು ನಿಮಿಷ ಇದೆಯಲ್ಲ, ಇಬ್ಬರೂ ಎರಡೆರಡು ನಿಮಿಷ ಮಾತಾಡಿ. ಒಂದು ತಿಂಗಳಿಂದ ಇವರ ಭಾಷಣದ ರಿಹರ್ಸಲ್ ಕೇಳಿದೀನಿ, ಎರಡು ನಿಮಿಷದ ವಿಷಯಾನೂ ಇಲ್ಲ ಅದ್ರಲ್ಲಿ" ಎಂದರು. ಇಷ್ಟು ಸಣ್ಣ ಲೆಕ್ಕ ನಮಗ್ಯಾರಿಗೂ ಹೊಳೆದಿರಲಿಲ್ಲ. ಆಕೆ ಎರಡು ಸಲವೂ ಯಾರಿಗೆ ಓಟು ಹಾಕಿದ್ದರು ಎಂಬುದು ಅವರ ಗಂಡನಿಗೂ ತಿಳಿಯಿತು.

ಜನ ಕಾಫಿಗೆ ಎದ್ದ ಮೇಲೆ ಶೈಲಮ್ಮ ಮೂಲೆಯ ಮೇಜಿಗೆ ಕುಳಿತು ಇಪ್ಪತ್ತನೆಯ ಡೈರಿ ಬರೆದರು. ಏಜೆಂಟರ ಸಹಿ ಬೇಕೆಂದು ನನ್ನನ್ನು ಕರೆದರು. ದುಂಡಗಿನ ಮೇಷ್ಟ್ರ ಅಕ್ಷರ. "ಮರುಮತದಾನ: ಒಂದು. ಕಾರಣ: ಮತಗಟ್ಟೆ ಅಧಿಕಾರಿಯ ಲೋಪ." ಅಷ್ಟು ಬರೆಯಲು ಅವರಿಗೆ ಎಷ್ಟು ಕಷ್ಟವಾಗಿತ್ತೆಂಬುದು ಪೆನ್ನು ಒತ್ತಿದ ಗುರುತಿನಲ್ಲೇ ಇತ್ತು. ಅದರ ಕೆಳಗೆ ಇನ್ನೊಂದು ಕಲಮು: "ಅಧಿಕಾರಿಯ ಮೇಲೆ ಯಾರಾದರೂ ಒತ್ತಡ ತಂದರೇ?" ಹಿಂದಿನ ಹತ್ತೊಂಬತ್ತರಲ್ಲಿ ಕೋಟೆಯದೊಂದನ್ನು ಬಿಟ್ಟರೆ ಅಲ್ಲಿ "ಇಲ್ಲ" ಎಂದಿತ್ತು.

ಈ ಸಲ ಹೀಗೆ ಬರೆದಿದ್ದರು: "ಹೌದು. ಒಬ್ಬರು. ಒಳ್ಳೆಯವರೇ, ಹೆಸರು ಬರೆದಿಲ್ಲ."

ಅವರು ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಅದರ ಕೆಳಗೆ ಸಹಿ ಹಾಕಿದೆ.